ಬೂದಿ ಬಣ್ಣದ ಅಬಾಯಾ

ನಾನು ತೆಗೆದ ಚಿತ್ರಗಳನ್ನು ನೋಡಿ ಮೂಗು ಮುರಿದವರಿದ್ದಾರೆ, ಬೈದವರಿದ್ದಾರೆ, ಆಲ್ಬಮ್ಮನ್ನು ಮೇಜಿನ ಮೇಲೆ ಕುಕ್ಕಿ ಎದ್ದು ಹೋದವರೂ ಇದ್ದಾರೆ. ಆದರೆ ಚಿತ್ರವನ್ನು ಕೈಗೆ ತೆಗೆದುಕೊಂಡು, ಒಂದು ಮಾತೂ ಆಡದೆ, ಅದರ ಮೇಲೆ ತೋರುಬೆರಳನ್ನು ಮೆಲ್ಲಗೆ ಸವರಿ ನೋಡಿದವರು ಒಬ್ಬರೇ. ಬಹರೈನಿನ ಮುಹರಕ್‌ನ ಒಂದು ಅಬಾಯಾ ಅಂಗಡಿಯ ಕಸೂತಿ ಉಸ್ತಾದರು. ಸವರಿ ಆದ ಮೇಲೆ ಚಿತ್ರವನ್ನು ನನ್ನ ಕೈಗೆ ವಾಪಸು ಕೊಟ್ಟು, "ಬೇಟಾ, ಇದು ನಾನು ಮಾಡಿದ್ದಲ್ಲ" ಎಂದರು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಹೇಳಿದ್ದು ಬಹಳ ಮೆತ್ತಗೆ.

ಮೊಬೈಲಿನಲ್ಲೇ ಚಿತ್ರ ತೆಗೆದು ಅಲ್ಲಿಂದಲೇ ಗಿರಾಕಿಗೆ ಕಳಿಸುವ ಕಾಲ ಇನ್ನೂ ಬಂದಿರಲಿಲ್ಲ. ಅಂಗಡಿಗೆ ಒಂದು ಒಳ್ಳೆಯ ಕ್ಯಾಟಲಾಗು ಬೇಕೆಂದರೆ ಸ್ಟುಡಿಯೋಗೇ ಹೇಳಬೇಕು, ಸ್ಟುಡಿಯೋ ನನ್ನಂಥವನನ್ನು ಚೀಲ ಹೊರಿಸಿ ಕಳಿಸಬೇಕು. ಹಾಗೆ ಒಂದು ಆಗಸ್ಟಿನ ಸೋಮವಾರ ನಾನು ಆ ಅಂಗಡಿಯ ಮೇಲ್ಮಹಡಿಯ ಹೊಲಿಗೆ ಕೋಣೆಗೆ ಹೋದೆ. ಆರು ಅಬಾಯಾಗಳು. ಅಲ್ಲಿನ ಹೆಂಗಸರು ಹೊರಗೆ ಹೋಗುವಾಗ ತೊಡುವ ಕಪ್ಪು ನಿಲುವಂಗಿಗಳು. ಕಪ್ಪು ಬಟ್ಟೆಯ ಮೇಲೆ ಕಪ್ಪು ರೇಷ್ಮೆ ದಾರದ ಕಸೂತಿ. ದೂರದಿಂದ ನೋಡಿದರೆ ಏನೂ ಇಲ್ಲ. ಹತ್ತಿರ ಹೋಗಿ ತಲೆಯನ್ನು ಸ್ವಲ್ಪ ಓರೆ ಮಾಡಿದರೆ ಬಳ್ಳಿ, ಬಳ್ಳಿಯಲ್ಲಿ ಎಲೆ, ಎಲೆಯಲ್ಲಿ ನರ. ಇಷ್ಟು ದುಡಿದು ಇಷ್ಟು ಬಚ್ಚಿಡುವ ಕೆಲಸವನ್ನು ನಾನು ಮೊದಲು ನೋಡಿರಲಿಲ್ಲ.

ಅಂಗಡಿಯ ಒಡತಿ ಬಹರೈನಿನವರೇ, ಅರವತ್ತು ದಾಟಿದ ಹೆಂಗಸು. ನಾವೆಲ್ಲ ಮದಾಮ್ ಎನ್ನುತ್ತಿದ್ದೆವು. ಅವರ ತಂದೆಗೆ ಬೊಂಬಾಯಿಯ ಜೊತೆ ವ್ಯಾಪಾರ ಇತ್ತಂತೆ, ಹಾಗಾಗಿ ಹಿಂದಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಉಸ್ತಾದರು ಬರೇಲಿ ಕಡೆಯವರು. ನಾವು ಮೂವರೂ ಮಾತಾಡಿದ್ದು ಹಿಂದಿ ಉರ್ದು ಬೆರೆತ ಆ ಊರಿನ ಮಾತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಉಸ್ತಾದ್ ಶುಕ್ರವಾರ ಊರಿಗೆ ಹೋಗ್ತಾನೆ, ಇನ್ನು ಬರೋದಿಲ್ಲ" ಎಂದರು ಮದಾಮ್. "ಈ ಆರೂ ಒಂದು ಮದುವೆ ಮನೆಯದ್ದು. ಬುಧವಾರ ಮಧ್ಯಾಹ್ನ ಮೂರರ ಅಸರ್ ನಮಾಜಿನ ಹೊತ್ತಿಗೆ ಅವರ ಡ್ರೈವರ್ ಬಂದು ತೆಗೆದುಕೊಂಡು ಹೋಗ್ತಾನೆ. ಆಮೇಲೆ ಇವನ ಕೈಕೆಲಸ ನನ್ನ ಹತ್ತಿರ ಒಂದೂ ಇರೋದಿಲ್ಲ. ನಿನ್ನ ಪುಸ್ತಕದಲ್ಲಿ ಅದು ಉಳೀಬೇಕು. ತಿಳೀತಾ ಯಾ ಮುಸವ್ವಿರ್?" ಮುಸವ್ವಿರ್ ಎಂದರೆ ಫೋಟೊಗ್ರಾಫರ್. ಆ ಕರೆಯುವಿಕೆಯಲ್ಲಿ ಗೌರವ ಎಷ್ಟು, ಎಚ್ಚರಿಕೆ ಎಷ್ಟು ಎಂದು ಕೊನೆಯವರೆಗೂ ನನಗೆ ಗೊತ್ತಾಗಲಿಲ್ಲ.

ನಾನು ಕೆಲಸ ಕಲಿತದ್ದು ಊರಿನ ಮದುವೆ ಚಪ್ಪರಗಳಲ್ಲಿ. ಅಲ್ಲಿ ಎಲ್ಲರದ್ದೂ ಬಿಳಿ ಪಂಚೆ, ಬಿಳಿ ಶರ್ಟು. ಬೆಳಕು ಹೆಚ್ಚಾಗಿ ಬಿಳಿ ಸುಟ್ಟುಹೋದರೆ ಆಮೇಲೆ ಯಾವ ದೇವರೂ ಅದನ್ನು ತಂದುಕೊಡುವುದಿಲ್ಲ. ಹಾಗಾಗಿ ಕ್ಯಾಮೆರಾ ಹೇಳಿದ್ದಕ್ಕಿಂತ ಒಂದು ಪಾಲು ಕಡಿಮೆಯೇ ಬೆಳಕು ಕೊಡುವುದು ನನ್ನ ಕೈಗೆ ಕೂತುಹೋಗಿತ್ತು. ಮೇಲಾಗಿ ಇದು ಕಪ್ಪು. ಕ್ಯಾಮೆರಾದ ಮೀಟರಿಗೆ ಕಪ್ಪು ಬಟ್ಟೆ ತೋರಿಸಿದರೆ ಅದು ಕತ್ತಲೆ ಎಂದುಕೊಂಡು ಬೂದಿ ಬಣ್ಣಕ್ಕೆ ಎತ್ತಿಬಿಡುತ್ತದೆ. ಕಪ್ಪು ಕಪ್ಪಾಗಿಯೇ ಬರಬೇಕಾದರೆ ಬೆಳಕು ಇಳಿಸಬೇಕು. ಇದು ನಮ್ಮ ಕಸುಬಿನ ಒಂದನೇ ತರಗತಿಯ ಪಾಠ. ನಾನು ಒಂದೂವರೆ ಸ್ಟಾಪು ಇಳಿಸಿದೆ, ಅಂದರೆ ಬೆಳಕನ್ನು ಹತ್ತಿರ ಹತ್ತಿರ ಮೂರನೇ ಒಂದು ಪಾಲಿಗೆ. ಫ್ಲ್ಯಾಷ್ ಹೊಡೆದರೆ ಬಟ್ಟೆ ಟಾರ್ಪಾಲಿನ ಹಾಗೆ ಹೊಳೆಯುತ್ತಿತ್ತು, ಆದ್ದರಿಂದ ಕಿಟಕಿಯ ಬೆಳಕೇ ಸಾಕೆಂದುಕೊಂಡೆ. ಏಸಿಯ ಗಾಳಿಗೆ ಬಟ್ಟೆ ಅಲ್ಲಾಡುತ್ತಿತ್ತು, ಆದ್ದರಿಂದ ಕ್ಯಾಮೆರಾ ಬೆಳಕು ಹಿಡಿಯುವ ಚುರುಕು, ಅಂದರೆ ಐಎಸ್‌ಒ ಎಂಟುನೂರಕ್ಕೆ ಏರಿಸಿ, ಸೆಕೆಂಡಿನ ಅರವತ್ತನೇ ಒಂದು ಭಾಗದಲ್ಲಿ, ಕೈಯಲ್ಲೇ ಹಿಡಿದು ಚಕಚಕ ತೆಗೆದು ಮುಗಿಸಿದೆ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡಿದರೆ ಕಡುಕಪ್ಪು, ಗಂಭೀರ. ಮದಾಮ್ ಕೂಡ ನೋಡಿ "ಜೈನ್, ಜೈನ್" ಎಂದು ತಲೆಯಾಡಿಸಿದರು. ಚೆನ್ನಾಗಿದೆ ಎಂದು.

ಸ್ಟುಡಿಯೋಗೆ ಬಂದು ದೊಡ್ಡ ಪರದೆಯಲ್ಲಿ ತೆರೆದು ನೋಡಿದೆ. ಕಸೂತಿಯೇ ಇಲ್ಲ! ಕಪ್ಪು ಚೀಲ ನೇತುಹಾಕಿದ ಹಾಗಿದೆ. ಕತ್ತಲೆಯ ಭಾಗವನ್ನು ಕಂಪ್ಯೂಟರಿನಲ್ಲಿ ಮೇಲೆತ್ತಿದೆ. ಬಳ್ಳಿ ಬಂತು, ಆದರೆ ಅದರ ಜೊತೆಗೆ ಕೆಂಪು ಹಸಿರು ಕಾಳುಗಳು ಹೊಟ್ಟಿನ ಹಾಗೆ ಇಡೀ ಬಟ್ಟೆಯ ಮೇಲೆ ಎದ್ದುಬಂದವು. ಆ ಕಾಳನ್ನು ಒರೆಸುವ ಸಾಫ್ಟ್‌ವೇರು ಓಡಿಸಿದರೆ ಕಾಳಿನ ಜೊತೆ ದಾರವೂ ಒರೆಸಿಹೋಯಿತು. ಅಂಥದ್ದೊಂದನ್ನೇ ಪ್ರಿಂಟು ಮಾಡಿ ಮಂಗಳವಾರ ಬೆಳಿಗ್ಗೆ ಕೊಂಡುಹೋದದ್ದು. ಉಸ್ತಾದರು ಬೆರಳು ಸವರಿದ್ದು ಅದರ ಮೇಲೆ.

ಮದಾಮ್ ಜಾಸ್ತಿ ಮಾತಾಡಲಿಲ್ಲ. "ಹತ್ತಿರದಿಂದ ತೆಗೆದದ್ದು ಬೇಡ. ಪೂರ್ತಿ ನಿಲುವಂಗಿಯ ಚಿತ್ರ ಮಾತ್ರ ಹಾಕೋಣ" ಎಂದರು. ಅಂದರೆ ಪುಸ್ತಕ ಬರುತ್ತದೆ, ಉಸ್ತಾದರು ಮಾತ್ರ ಅದರಲ್ಲಿ ಇರುವುದಿಲ್ಲ. ಮೂವತ್ತು ವರ್ಷ ಕೂತು ಚುಚ್ಚಿದ್ದು ನನ್ನ ಒಂದನೇ ತರಗತಿಯ ಪಾಠದಲ್ಲಿ ಮುಳುಗಿಹೋಗುತ್ತದೆ. "ನಾಳೆ ಅಸರ್‌ವರೆಗೆ ಸಮಯ ಕೊಡಿ, ಮತ್ತೊಮ್ಮೆ ತೆಗೆಯುತ್ತೇನೆ" ಎಂದು ಕೇಳಿಕೊಂಡೆ. ಹೇಗೆ ತೆಗೆಯುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

ನಾನಿದ್ದ ಸನದ್‌ನಲ್ಲಿ ನಮ್ಮ ಮೇಲಿನ ಫ್ಲ್ಯಾಟಿನಲ್ಲಿ ಮೈಸೂರಿನ ಇಂಜಿನಿಯರರೊಬ್ಬರಿದ್ದರು. ಅಸ್ಕರ್ ಕಡೆ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಅಳತೆ ಉಪಕರಣಗಳನ್ನು ನೋಡಿಕೊಳ್ಳುವ ಕೆಲಸ. ರಜೆಯ ದಿನ ಮರುಭೂಮಿಗೆ ಹೋಗಿ ಕಲ್ಲು, ಮರಳು, ಒಂಟಿ ಗಿಡಗಳ ಫೋಟೊ ತೆಗೆಯುವ ಹವ್ಯಾಸ. ಸಂಜೆ ಚಹಾದ ಹೊತ್ತಿಗೆ ಪ್ರಿಂಟು ತೆಗೆದುಕೊಂಡು ಹೋಗಿ ಅವರ ಮುಂದಿಟ್ಟೆ.

"ಗುರೂ, ಕಪ್ಪನ್ನ ಕಪ್ಪಾಗೇ ತೆಗೀಬೇಕು ಅಂತ ಯಾಕೆ ಹಠ?" ಎಂದರು ಅವರು. "ಕಪ್ಪು ಮಾಡೋದು ಆಮೇಲಿನ ಕೆಲಸ. ಮೊದ್ಲು ಬೆಳಕು ತುಂಬ್ಕೊಳಿ."

"ಎಂತ ಮಾರಾಯ್ರೆ! ಕಪ್ಪು ಬಟ್ಟೆಯನ್ನು ಬಿಳಿ ಮಾಡಿ ತೋರಿಸಿದರೆ ಆ ಹೆಂಗಸು ನನ್ನನ್ನು ಮೆಟ್ಟಿಲಿಂದ ಕೆಳಗೆ ದೂಡ್ತಾರೆ."

"ತೋರಿಸ್ಬೇಡಿ ಮತ್ತೆ! ನೋಡಿ, ನಮ್ ಪ್ಲಾಂಟಲ್ಲಿ ಕುಲುಮೆ ಪಕ್ಕ ನಿಂತ್ಕೊಂಡು ನೀವು ಪಿಸುಗುಟ್ಟಿದ್ರಿ ಅನ್ಕೊಳಿ. ಅದನ್ನ ರೆಕಾರ್ಡ್ ಮಾಡಿ ಆಮೇಲೆ ವಾಲ್ಯೂಮ್ ಏರಿಸಿದ್ರೆ ಏನ್ ಕೇಳ್ಸುತ್ತೆ? ನಿಮ್ ಮಾತಿನ ಜೊತೆ ಕುಲುಮೆ ಗದ್ದಲಾನೂ ಏರುತ್ತೆ. ಅದೇ ನೀವು ಮೊದ್ಲೇ ಕಿರುಚಿದ್ರೆ? ಆಮೇಲೆ ವಾಲ್ಯೂಮ್ ಇಳಿಸ್ಬೋದು. ಗದ್ದಲ ಇಳಿಯುತ್ತೆ, ಮಾತು ಉಳಿಯುತ್ತೆ. ನೀವು ನಿನ್ನೆ ಮಾಡಿದ್ದು ಪಿಸುಮಾತು."

ಅವರ ಲೆಕ್ಕ ಹೀಗಿತ್ತು. ಐಎಸ್‌ಒ ನೂರಕ್ಕೆ ಇಳಿಸಬೇಕು. ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಶಟರನ್ನು ಹೆಚ್ಚು ಹೊತ್ತು ತೆರೆದಿಡಬೇಕು. ಮೀಟರು ಹೇಳಿದ್ದಕ್ಕಿಂತಲೂ ಹೆಚ್ಚು ಬೆಳಕು ಕೊಡಬೇಕು, ಬಿಳಿ ಸುಡುವ ಗಡಿಯ ಹತ್ತಿರದವರೆಗೆ, ಆದರೆ ಗಡಿ ದಾಟದ ಹಾಗೆ. ಮತ್ತು ಜೆಪೆಗ್ ಅಲ್ಲ, ರಾ. ಜೆಪೆಗ್ ಎಂದರೆ ಕ್ಯಾಮೆರಾ ತಾನೇ ಬೇಯಿಸಿ ಬಡಿಸಿದ ಊಟ, ಉಪ್ಪು ಹೆಚ್ಚಾದರೆ ಹೆಚ್ಚಾಯಿತು. ರಾ ಎಂದರೆ ಹಸಿ ಅಕ್ಕಿ, ಹಸಿ ತರಕಾರಿ. ಅಡಿಗೆ ನಮ್ಮ ಕೈಯಲ್ಲಿ. ನನಗೆ ಕೇಳುತ್ತ ಕೇಳುತ್ತ ನಮ್ಮ ಅಜ್ಜಿಯ ನೆನಪಾಯಿತು. ಬಾವಿಯಿಂದ ನೀರು ತರಲು ಕಳಿಸುವಾಗ ಅಜ್ಜಿ ಹಿಂದಿನಿಂದ ಕೂಗುತ್ತಿದ್ದರು, "ಕೊಡ ಕಂಠಮಟ್ಟ ತುಂಬ್ಸು, ಅಂಗಳ ಚಂಡಿ ಮಾಡ್ಬೇಡ!" ಚಂಡಿ ಎಂದರೆ ಒದ್ದೆ. ಅರ್ಧ ಕೊಡ ತಂದು ಕಲಕಿದರೆ ಬರುವುದು ಬರೀ ತಳದ ಕೆಸರು. ನಾನು ಮಾಡಿದ್ದು ಅದನ್ನೇ.

ಇಂಜಿನಿಯರರು ತಮ್ಮ ಮದುವೆಗೆ ಹೊಲಿಸಿದ ಕಪ್ಪು ಕೋಟನ್ನು ಬೀರುವಿನಿಂದ ತೆಗೆದು ಬಾಗಿಲಿಗೆ ನೇತುಹಾಕಿದರು. ಅವರ ಹೆಂಡತಿ ಅಡಿಗೆಮನೆಯಿಂದ ಇಣುಕಿ, "ಅದಕ್ಕಾದ್ರೂ ಫೋಟೊ ಭಾಗ್ಯ ಬಂತಲ್ಲ, ಮದುವೆ ಆದ್ಮೇಲೆ ಒಂದಿನಾನೂ ಮೈಮೇಲೆ ಹತ್ತಿಲ್ಲ" ಎಂದರು. ಆ ಕೋಟಿನ ಮೇಲೆ ಕತ್ತಲಾಗುವ ತನಕ ಅಭ್ಯಾಸ ಮಾಡಿದೆ. ಪರದೆಯ ಮೇಲೆ ಬಂದದ್ದು ಬೂದಿಯಲ್ಲಿ ಹೊರಳಿಸಿದಂಥ ಕೋಟು. ಅವರ ಕಂಪ್ಯೂಟರಿನಲ್ಲಿ ಬೆಳಕಿನ ಪಟ್ಟಿಯನ್ನು ಎಡಕ್ಕೆ ಎಳೆದದ್ದೇ ತಡ, ಕಪ್ಪು ಮರಳಿ ಬಂತು. ಕಾಲರಿನ ಅಂಚಿನ ಒಂದೊಂದು ಹೊಲಿಗೆಯೂ ಎಣಿಸುವ ಹಾಗೆ ನಿಂತಿತು. ಕಾಳಿಲ್ಲ, ಕೆಸರಿಲ್ಲ. ನನಗೆ ಚಪ್ಪಾಳೆ ತಟ್ಟಬೇಕೆನ್ನಿಸಿತು.

ಬುಧವಾರ ಬೆಳಿಗ್ಗೆ ಹೊಲಿಗೆ ಕೋಣೆಯಲ್ಲಿ ನಾನು ಮಾಡಿದ ಮೊದಲ ಕೆಲಸ ಏಸಿ ಬಂದ್ ಮಾಡಿಸಿದ್ದು. ಈಗ ಶಟರು ಒಂದು ಸೆಕೆಂಡಿಗೂ ಮೇಲೆ ತೆರೆದಿರಬೇಕು, ಬಟ್ಟೆ ಕೂದಲೆಳೆಯಷ್ಟೂ ಅಲ್ಲಾಡಬಾರದು. ಬಹರೈನಿನ ಆಗಸ್ಟಿನಲ್ಲಿ ಏಸಿ ಇಲ್ಲದ ಮುಚ್ಚಿದ ಕೋಣೆ ಹೇಗಿರುತ್ತದೆಂದು ಅಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ. ಕಿಟಕಿಗೆ ಬಿಳಿ ಬೆಡ್‌ಶೀಟು ಕಟ್ಟಿ, ಟ್ಯೂಬ್‌ಲೈಟುಗಳನ್ನು ಆರಿಸಿ, ನಿಲುವಂಗಿಯನ್ನು ಮರದ ಗೊಂಬೆಗೆ ತೊಡಿಸಿ, ಬೆಳಕು ಪಕ್ಕದಿಂದ ಕಸೂತಿಯನ್ನು ತಡವಿ ಹೋಗುವ ಹಾಗೆ ಗೊಂಬೆಯನ್ನು ಓರೆ ತಿರುಗಿಸಿದೆ. ನೆಲ ಹಳೆಯ ಹಲಗೆಯದ್ದು, ಹೆಜ್ಜೆ ಇಟ್ಟರೆ ನಡುಗುತ್ತಿತ್ತು. "ಉಸ್ತಾದ್‌ಜಿ, ನಾನು ಹೇಳುವವರೆಗೆ ಕದಲಬಾರದು" ಎಂದೆ. "ಮೂವತ್ತು ವರ್ಷ ಕದಲದೆ ಕೂತವನಿಗೆ ಇವತ್ತು ಕದಲಬೇಡ ಅಂತ ಹೇಳಿಕೊಡ್ತಿದ್ದಾನೆ ನೋಡು" ಎಂದು ನಕ್ಕು, ಬೆವರು ಬಟ್ಟೆಯ ಮೇಲೆ ಬೀಳದ ಹಾಗೆ ಹಣೆಗೆ ಟವೆಲು ಬಿಗಿದುಕೊಂಡು ಸ್ಟೂಲಿನ ಮೇಲೆ ಕೂತರು. ಒಂದೊಂದು ಬಟ್ಟೆಯನ್ನೂ ತೊಡಿಸುವ ಮೊದಲು ಅವರು ಬೆರಳ ತುದಿಯಿಂದ ಇಡೀ ಕಸೂತಿಯನ್ನು ಮುಟ್ಟಿ ನೋಡುತ್ತಿದ್ದರು. ಎಲ್ಲಿಯಾದರೂ ನೂಲಿನ ಕಸ ಅಂಟಿದ್ದರೆ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತಿತ್ತು.

ಎರಡು ನಿಲುವಂಗಿ ಮುಗಿಯುವಾಗ ಹೊತ್ತು ಮಧ್ಯಾಹ್ನ ದಾಟಿತ್ತು. ಆಗ ಮದಾಮ್ ಮೇಲೆ ಬಂದರು. ನೇರ ಕ್ಯಾಮೆರಾದ ಹಿಂದೆ ನಿಂತು ಪರದೆ ನೋಡಿದರು.

"ಇದೇನು? ನನ್ನ ಅಬಾಯಾ ನೂರು ಸಲ ಒಗೆದ ಹಾಗೆ ಕಾಣ್ತದೆ!"

"ಮದಾಮ್, ಇದು ಹಸಿ ಚಿತ್ರ. ಕಂಪ್ಯೂಟರಿನಲ್ಲಿ ಕಪ್ಪು ವಾಪಸು ಬರುತ್ತದೆ."

"ನಿನ್ನೆ ಕಂಪ್ಯೂಟರಿನಲ್ಲಿ ಏನು ಬಂತು ಅಂತ ನೋಡಿದ್ದೇನೆ. ಖಲಾಸ್. ಸೋಮವಾರದ ಹಾಗೇ ಕಪ್ಪಾಗಿ ತೆಗೆ. ದೂರದಿಂದ. ಸಾಕು."

ಕಂಪ್ಯೂಟರು ಸ್ಟುಡಿಯೋದಲ್ಲಿತ್ತು. ನನ್ನ ಬಳಿ ತೋರಿಸಲು ಆ ಬೂದಿ ಬಣ್ಣದ ಪರದೆ ಬಿಟ್ಟು ಬೇರೇನೂ ಇರಲಿಲ್ಲ. ಎರಡೂ ರೀತಿ ತೆಗೆಯೋಣ ಎಂದರೆ ಹೊತ್ತಿಲ್ಲ. ಬಟ್ಟೆ ನಿಶ್ಚಲವಾಗಲಿಕ್ಕೇ ಪ್ರತಿ ಸಲ ಐದು ನಿಮಿಷ ಬೇಕಿತ್ತು, ಅಸರ್‌ಗೆ ಉಳಿದದ್ದು ಎರಡು ಗಂಟೆ ಚಿಲ್ಲರೆ. ಅವರು ಹೇಳಿದ ಹಾಗೆ ಮಾಡಿದರೆ ನನ್ನ ತಲೆಯ ಮೇಲೆ ಏನೂ ಬರುವುದಿಲ್ಲ. ನನ್ನ ಹಾಗೆ ಮಾಡಿ ಎಲ್ಲಿಯಾದರೂ ಗಡಿ ದಾಟಿದ್ದರೆ, ನಿಲುವಂಗಿಗಳೂ ಹೋದವು, ಉಸ್ತಾದರೂ ಹೋದರು. ಕೋಟೊಂದರ ಮೇಲೆ ಒಂದು ಸಂಜೆ ಕಲಿತ ವಿದ್ಯೆ ಅದು. ಆದರೂ ಆ ಬೆರಳು ಸವರಿದ್ದು ಕಣ್ಣ ಮುಂದಿತ್ತು. "ಮದಾಮ್, ನಾನು ಹೀಗೇ ತೆಗೆಯುತ್ತೇನೆ. ಕೆಟ್ಟರೆ ತಪ್ಪು ನನ್ನದು, ಸ್ಟುಡಿಯೋಗೆ ನೀವೇ ದೂರು ಹೇಳಿ" ಎಂದೆ.

ಮದಾಮ್ ಏನು ಹೇಳುತ್ತಿದ್ದರೋ, ಅಷ್ಟರಲ್ಲಿ ಸ್ಟೂಲಿನಿಂದ ಉಸ್ತಾದರ ಮಾತು ಬಂತು.

"ಮದಾಮ್, ನಾನು ಖಾಕಾ ಹಾಕುವಾಗ ನೀವು ಯಾವತ್ತಾದರೂ ಬಟ್ಟೆ ಹಾಳಾಯಿತು ಅಂದಿದ್ದೀರಾ?"

ಖಾಕಾ ಎಂದರೆ ಏನೆಂದು ನನಗೆ ಆಗ ತಿಳಿಯಿತು. ಕಸೂತಿಯ ನಕ್ಷೆಯನ್ನು ಕಾಗದದ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಆ ಕಾಗದವನ್ನು ಬಟ್ಟೆಯ ಮೇಲಿಟ್ಟು ಬಿಳಿ ಪುಡಿಯನ್ನು ಉಜ್ಜುತ್ತಾರೆ. ಕಪ್ಪು ಬಟ್ಟೆ ಸುಣ್ಣ ಬಡಿದ ಹಾಗಾಗುತ್ತದೆ. ಆ ಬಿಳಿಯ ದಾರಿ ಹಿಡಿದು ಕಪ್ಪು ದಾರ ಚುಚ್ಚಿ ಮುಗಿಸಿ, ಕೊನೆಗೆ ಪುಡಿಯನ್ನು ಕೊಡವಿಬಿಡುತ್ತಾರೆ.

"ಮೊದಲು ಬಿಳಿ, ಆಮೇಲೆ ಕಪ್ಪು" ಎಂದರು ಉಸ್ತಾದರು. "ಬಿಳಿ ಹಾಕದೆ ಕಪ್ಪು ಮಾಡಲಿಕ್ಕೆ ನನಗೇ ಬರೋದಿಲ್ಲ. ಈ ಹುಡುಗ ಖಾಕಾ ಹಾಕ್ತಿದ್ದಾನೆ. ಬಿಡಿ."

ಕ್ಯಾಮೆರಾದ ಒಳಗೆ ಏನಾಗುತ್ತದೆಂದು ಆ ಮನುಷ್ಯನಿಗೆ ಒಂದಕ್ಷರ ಗೊತ್ತಿರಲಿಲ್ಲ. ನಾನು ಇಂಜಿನಿಯರರಿಂದ ಒಂದು ಸಂಜೆ ಪೂರ್ತಿ ಕೇಳಿ ತಿಳಿದದ್ದನ್ನು ಅವರು ತಮ್ಮ ಸೂಜಿಯ ಕಡೆಯಿಂದ ಬಂದು ಮುಟ್ಟಿದ್ದರು. ಮದಾಮ್ ಒಂದು ಗಳಿಗೆ ಇಬ್ಬರನ್ನೂ ನೋಡಿ, ಕುರ್ಚಿ ಎಳೆದುಕೊಂಡು ಕೂತರು. "ಯಲ್ಲಾ" ಎಂದರು, ಸರಿ, ನಡೀಲಿ ಎಂದು. "ನಾನೂ ಬೆವರ್ತೇನೆ ನಿಮ್ಮ ಜೊತೆ."

ಐದನೆಯದರವರೆಗೆ ಕೆಲಸ ನೀರು ಹರಿದ ಹಾಗೆ ಹೋಯಿತು. ಆರನೆಯದು ಮದುಮಗಳದ್ದು, ಉಸ್ತಾದರು ಎಲ್ಲಕ್ಕಿಂತ ಹೆಚ್ಚು ಕಾಲ ಕೂತು ಮಾಡಿದ್ದು. ಅದರ ತೋಳಿನ ಅಂಚಿನಲ್ಲಿ ಜೋಳದ ಕಾಳಿಗಿಂತ ಚಿಕ್ಕ ಮುತ್ತುಗಳ ಸಾಲು. ಒಂದು ಚಿತ್ರ ತೆಗೆದೆನೋ ಇಲ್ಲವೋ, ಬೆಳಕು ಮೀರಿದ ಜಾಗವನ್ನು ಎಚ್ಚರಿಸುವ ಮಿಣುಕು ಪರದೆಯ ಮೇಲೆ ಶುರುವಾಯಿತು. ಮುತ್ತುಗಳೆಲ್ಲ ಮಿಣುಕುತ್ತಿದ್ದವು. ಕಪ್ಪಿಗೆ ಕೊಡ ತುಂಬುವಷ್ಟರಲ್ಲಿ ಮುತ್ತಿನ ಕೊಡ ತುಂಬಿ ಹೊರಗೆ ಚೆಲ್ಲುತ್ತಿತ್ತು. ಬೆಳಕು ಇಳಿಸಿದೆ. ಮಿಣುಕು ನಿಂತಿತು, ಆದರೆ ಕಸೂತಿ ಮತ್ತೆ ಸೋಮವಾರದ ಕೆಸರಿನ ಕಡೆ ಜಾರಿತು. ಏರಿಸಿದೆ, ಮುತ್ತು ಹೋಯಿತು. ಇಳಿಸಿದೆ, ಬಳ್ಳಿ ಹೋಯಿತು. ನಾಲ್ಕು ಸಲ ಹೀಗಾಯಿತು. ಗಂಟೆ ನೋಡಿದೆ, ಅರ್ಧ ಗಂಟೆ ಉಳಿದಿತ್ತು.

"ಏನು ತೊಂದರೆ?" ಎಂದರು ಮದಾಮ್.

"ಮುತ್ತಿಗೆ ಬೆಳಕು ಜಾಸ್ತಿಯಾಗ್ತಿದೆ ಮದಾಮ್. ಬಟ್ಟೆಗೆ ಸಾಲೋದಿಲ್ಲ."

ಮದಾಮ್ ಎದ್ದು ಬಂದರು. "ನನ್ನ ಅಜ್ಜ ಮುತ್ತು ಕೊಳ್ಳುವಾಗ ಕಿಟಕಿಗೆ ನೇರ ಹಿಡೀತಿರಲಿಲ್ಲ. ಒಂದು ಕೈಯಿಂದ ನೆರಳು ಮಾಡಿ, ಆ ನೆರಳಿನಲ್ಲಿ ತಿರುಗಿಸಿ ನೋಡ್ತಿದ್ದರು. ಹೊಳಪು ಕಣ್ಣಿಗೆ ಹೊಡೆದರೆ ಮುತ್ತು ಕಾಣೋದಿಲ್ಲ ಅಂತ ಹೇಳ್ತಿದ್ದರು." ಹೀಗೆನ್ನುತ್ತ ಕತ್ತರಿಸಿ ಉಳಿದಿದ್ದ ಒಂದು ಕಪ್ಪು ಬಟ್ಟೆಯ ತುಂಡನ್ನು ಎತ್ತಿ, ಕಿಟಕಿಗೂ ತೋಳಿನ ಅಂಚಿಗೂ ನಡುವೆ ಎರಡು ಕೈಯಲ್ಲಿ ಅಗಲ ಮಾಡಿ ಹಿಡಿದರು.

ಮುತ್ತಿನ ಮೇಲಷ್ಟೇ ನೆರಳು ಬಿತ್ತು. ಕಸೂತಿಯ ಮೇಲೆ ಬೆಳಕು ಇದ್ದ ಹಾಗೇ ಇತ್ತು. ಬಟ್ಟೆ ಹಿಡಿದ ಕೈಯನ್ನು "ಒಂದು ಬೆರಳು ಮೇಲೆ, ಅರ್ಧ ಬೆರಳು ಕೆಳಗೆ" ಎಂದು ಸರಿ ಮಾಡಿಸಿ, ಉಸಿರು ಬಿಗಿಹಿಡಿದು, ಎರಡು ಸೆಕೆಂಡಿನ ಟೈಮರು ಒತ್ತಿ ಹಿಂದೆ ಸರಿದೆ. ಅಂಗಡಿಯ ಒಡತಿ, ಕಸೂತಿಯ ಉಸ್ತಾದರು, ನಾನು, ಮೂವರೂ ಕಲ್ಲಿನ ಹಾಗೆ ನಿಂತೆವು. ಶಟರು ತೆರೆಯಿತು, ಮುಚ್ಚಿತು. ಒಂದೊಂದು ಮುತ್ತಿನ ನೆತ್ತಿಯಲ್ಲಿ ಸಾಸಿವೆಯಷ್ಟು ಮಿಣುಕು ಮಾತ್ರ ಉಳಿದಿತ್ತು. ಅಷ್ಟು ಬೇಕು. ಅದಿಲ್ಲದಿದ್ದರೆ ಮುತ್ತಲ್ಲ, ಅಕ್ಕಿ.

ಡ್ರೈವರು ಕೆಳಗೆ ಹಾರ್ನು ಹೊಡೆದಾಗ ಉಸ್ತಾದರು ಆ ನಿಲುವಂಗಿಯನ್ನು ಮಡಚುತ್ತಿದ್ದರು. ಕೊನೆಯ ಮಡಿಕೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದರು.

ಗುರುವಾರ ಇಬ್ಬರೂ ಸ್ಟುಡಿಯೋಗೆ ಬಂದರು. ಮದುಮಗಳ ನಿಲುವಂಗಿಯ ಚಿತ್ರವನ್ನು ದೊಡ್ಡ ಪರದೆಯಲ್ಲಿ ತೆರೆದೆ, ಮೊದಲು ಆ ಒಗೆದು ಬಿಟ್ಟ ಬಣ್ಣದಲ್ಲಿ. ಆಮೇಲೆ ಪಟ್ಟಿಯನ್ನು ಎಡಕ್ಕೆ ಎಳೆದೆ. ಬೂದಿ ಗಾಢವಾಗುತ್ತ ಕಪ್ಪಾಯಿತು, ಕಪ್ಪಿನೊಳಗೆ ಬಳ್ಳಿ ಹಾಗೇ ನಿಂತಿತು, ಎಲೆಯ ನರ ಕೂಡ. ಮುತ್ತುಗಳು ದುಂಡಗಾದವು. ಮದಾಮ್ "ಮಾಶಾಲ್ಲಾ, ಮಾಶಾಲ್ಲಾ" ಎನ್ನುತ್ತ ಪರದೆಗೆ ಮುಖ ತಾಗುವಷ್ಟು ಬಗ್ಗಿದರು. "ಪುಸ್ತಕದ ಮೊದಲ ಪುಟಕ್ಕೆ ಇದೇ. ಉಸ್ತಾದನ ಹೆಸರು ಕೆಳಗೆ, ದೊಡ್ಡ ಅಕ್ಷರದಲ್ಲಿ."

ಉಸ್ತಾದರು ಪರದೆಯತ್ತ ಕಣ್ಣು ಕಿರಿದು ಮಾಡಿದರು. ನನಗೆ ಒಳಗೊಳಗೇ ಭಯ. ಮತ್ತೆ "ನಾನು ಮಾಡಿದ್ದಲ್ಲ" ಎಂದುಬಿಟ್ಟರೆ?

"ಬೇಟಾ" ಎಂದರು ಕೊನೆಗೆ, "ಇದಕ್ಕೆ ಮೊದಲು ಇತ್ತಲ್ಲ, ಬೂದಿ ಬಣ್ಣದ್ದು. ಅದನ್ನು ತೋರಿಸು."

ಪಟ್ಟಿಯನ್ನು ಮತ್ತೆ ಬಲಕ್ಕೆ ಎಳೆದೆ. ಬಟ್ಟೆ ಬೆಳ್ಳಗಾಯಿತು, ಅದರ ಮೇಲೆ ಕಪ್ಪು ಬಳ್ಳಿಗಳು ಕಾಗದದ ಮೇಲಿನ ಮಸಿಗೆರೆಗಳ ಹಾಗೆ ಬಿಡಿಬಿಡಿಯಾಗಿ ಕಂಡವು. ಉಸ್ತಾದರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಎಷ್ಟೋ ವರ್ಷವಾಯಿತು" ಎಂದರು. "ಕಪ್ಪಿನ ಮೇಲಿನ ಕಪ್ಪು ನನ್ನ ಕಣ್ಣಿಗೆ ಕಾಣೋದಿಲ್ಲ. ಖಾಕಾದ ಬಿಳಿ ಇರುವವರೆಗೆ ಮಸುಕಾಗಿ ಕಾಣ್ತದೆ. ಅದನ್ನು ಕೊಡವಿದ ಮೇಲೆ ಬೆರಳಿನಿಂದಲೇ. ಮದಾಮ್‌ಗೆ ಗೊತ್ತು. ಮುಗಿದ ಮೇಲೆ ಹೇಗಾಗಿದೆ ಅಂತ ನಾನು ನೋಡೇ ಇಲ್ಲ."

ಮದಾಮ್ ಮುಖ ಪಕ್ಕಕ್ಕೆ ತಿರುಗಿಸಿದರು. ಉಸ್ತಾದರು ಪರದೆಯ ಒಂದು ಮೂಲೆ ತೋರಿಸಿ, "ಇಲ್ಲಿ ದೊಡ್ಡದು ಮಾಡು" ಎಂದರು. ಮಾಡಿದೆ. ಒಂದು ಎಲೆಯ ತೊಟ್ಟು ಉಳಿದವುಗಳಿಗಿಂತ ಸ್ವಲ್ಪ ಬಾಗಿತ್ತು. "ನೋಡು ಕಳ್ಳನನ್ನು! ನನಗೆ ಅವತ್ತೇ ಅನುಮಾನ ಇತ್ತು" ಎಂದು ಮಗುವಿನ ಹಾಗೆ ನಕ್ಕರು. ಆಮೇಲೆ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಒಂದೆಲೆ ಬಿಡದೆ ನೋಡಿಸಿಕೊಂಡರು. ನನ್ನ ಚಹಾ ಆರಿಹೋಯಿತು. ಯಾರಿಗೂ ಅವಸರ ಇರಲಿಲ್ಲ.

"ಪುಸ್ತಕಕ್ಕೆ ಕಪ್ಪು ಹಾಕಿ" ಎಂದರು ಏಳುವಾಗ. "ನನಗೆ ಈ ಬೂದಿಯದ್ದು ಒಂದು ಕೊಡ್ತೀಯಾ?"

ನಮ್ಮಲ್ಲಿದ್ದ ಅತಿ ದೊಡ್ಡ ಕಾಗದದ ಮೇಲೆ ಅದನ್ನು ಪ್ರಿಂಟು ಹಾಕಿಸಿದೆ. ಪ್ರಿಂಟರಿನವನು ಎರಡು ಸಲ ಕೇಳಿದ, "ಭಾಯ್, ಇದಕ್ಕೆ ಬೆಳಕು ಓವರ್ ಆಗಿದೆ, ಸರಿ ಮಾಡಲಾ?" ಎಂದು. ಬೇಡ ಎಂದೆ.

ಶುಕ್ರವಾರ ಮಧ್ಯಾಹ್ನ ವಿಮಾನ ನಿಲ್ದಾಣಕ್ಕೆ ಒಯ್ದು ಕೊಟ್ಟೆ. ಉಸ್ತಾದರು ಪೆಟ್ಟಿಗೆಗಳನ್ನೆಲ್ಲ ಒಪ್ಪಿಸಿ, ಸುರುಳಿಯನ್ನು ಬಿಚ್ಚಿ ಮೊಣಕಾಲ ಮೇಲೆ ಹರಡಿಕೊಂಡು ಬೆಂಚಿನ ಮೇಲೆ ಕೂತರು. ಎರಡೂ ಕೈಯಿಂದ ಕಾಗದದ ಅಂಚನ್ನು ಹಿಡಿದಿದ್ದರು. ಬೆರಳು ಕದಲಲಿಲ್ಲ. ಕಣ್ಣು ಮಾತ್ರ ಒಂದು ಬಳ್ಳಿ ಹಿಡಿದು ಮೆಲ್ಲಗೆ ಮೇಲಕ್ಕೆ ಹೋಗುತ್ತಿತ್ತು.